ಕವಣೆ ಎಂದವನು ನಾನು

ಮಾನ್ಯ ವಲಯ ಅರಣ್ಯಾಧಿಕಾರಿಗಳೇ,

ನಿಮ್ಮ ತಪಾಸಣೆ ನಾಕಾದ ದಾಖಲೆ ಪುಸ್ತಕದಲ್ಲಿ ನನ್ನ ಮೊಮ್ಮಗಳು ರೀನಾಳ ಹೆಸರು ಬೇಟೆಗಾರರ ಸಾಲಿನಲ್ಲಿ ಕೂತಿದೆ. ಅವಳಿಗೆ ಹದಿಮೂರು ವರ್ಷ. ಅವಳ ಮಾರಕಾಸ್ತ್ರವೆಂದರೆ ಬಿದಿರಿನ ನಾಲ್ಕು ಪಟ್ಟಿ, ಸೈಕಲ್ ಟ್ಯೂಬಿನ ತುಂಡು, ಒಂದು ತೆಂಗಿನ ಕರಟ. ಅದರಿಂದ ಹಾರಿಸಿದ್ದು ಗಜ್ಜುಗದ ಬೀಜ. ಗಜ್ಜುಗ ತಾಗಿ ಸತ್ತ ಜಿಂಕೆ ಯಾವುದಾದರೂ ಇದ್ದರೆ ದಯಮಾಡಿ ಅದರ ವಿಳಾಸ ಕೊಡಿ, ಹೋಗಿ ಕ್ಷಮೆ ಕೇಳಿ ಬರುತ್ತೇನೆ.

ಅದು ಶಾಲೆಯ ವಿಜ್ಞಾನ ಪ್ರದರ್ಶನದ ಯಂತ್ರ. ಬಿದಿರು ಸೀಳಿಕೊಟ್ಟವನು ನಾನು. ಯಾವ ಕೋನದಲ್ಲಿ ಎಸೆದರೆ ಬೀಜ ಎಷ್ಟು ದೂರ ಬೀಳುತ್ತದೆಂದು ಅವಳು ಹದಿನೈದು ದಿನ ಅಂಗಳ ಅಳೆದಳು. ನಲವತ್ತೈದು ಡಿಗ್ರಿಗೆ ಬೀಜ ಬೇಲಿ ದಾಟಿದಾಗ, "ಪುಸ್ತಕ ಖರೇನ ಹೇಳ್ತೈತಿ ಅಜ್ಜಾ!" ಎಂದು ಕುಣಿದಳು.

ನಾವಿಬ್ಬರೂ ಹಳಿಯಾಳದ ಪ್ರದರ್ಶನಕ್ಕೆ ಹೊರಟಾಗ ನಿಮ್ಮ ಗಾರ್ಡ್ ಬಸ್ಸು ತಡೆದು ಕೇಳಿದರು.

"ಏನವಾ ಇದು?"

"ಕ್ಯಾಟಪಲ್ಟ್ ರೀ ಸರ್."

"ಇಂಗ್ಲಿಷ್ ಬ್ಯಾಡ. ಕನ್ನಡದಾಗ ಏನಂತಾರ, ಅದನ್ನ ಹೇಳು."

ನಾವು ಸಿದ್ದಿಗಳು. ಮನೆಯಲ್ಲಿ ಕೊಂಕಣಿ, ನಿಮಗಾಗಿ ಇಲ್ಲಿ ಕನ್ನಡ ಮಾಡಿದ್ದೇನೆ. ಒಣಮೀನು ಕಟ್ಟಿಕೊಟ್ಟ ಪೇಪರು ಬಿಡಿಸಿ ಓದಿ ಕನ್ನಡ ಕಲಿತವನು ನಾನು. ಆ ಹೆಮ್ಮೆ ಸುಮ್ಮನಿರಬೇಕಲ್ಲ! "ಕವಣೆ ರೀ" ಎಂದೆ.

"ಕವಣಿ? ಹಂಗಾದ್ರ ಶಿಕಾರಿ ಸಾಮಾನ ಆತಲ್ಲೋ ಮುದುಕಾ!"

ಯಂತ್ರ ನಿಮ್ಮ ಕಪಾಟಿಗೆ ಹೋಯಿತು, ಹೆಸರು ಪುಸ್ತಕಕ್ಕೆ.

ಇದೇ ಶಬ್ದಕ್ಕೆ ನಲವತ್ತು ವರ್ಷಗಳ ಹಿಂದೆ ನನ್ನ ಅಣ್ಣ ವಿಲ್ಸನ್‌ನ ಹೆಸರೂ ಬರೆದಿದ್ದರು. ಅವನು ಗದ್ದೆಗೆ ಬೀಳುವ ಮಂಗಗಳನ್ನು ಕವಣೆ ಬೀಸಿ ಓಡಿಸುತ್ತಿದ್ದ, ಅಷ್ಟೇ. ಆಮೇಲೆ ಕಾಡಿನಲ್ಲಿ ಏನು ಸತ್ತರೂ ನಿಮ್ಮ ಇಲಾಖೆಯವರು ನಮ್ಮ ಬಾಗಿಲಿಗೆ ಬಂದರು. ಅಣ್ಣ ಜ್ವರದಲ್ಲಿ ತೀರಿಕೊಂಡ. ಅವನನ್ನು ಹೂಳಿ ಮೂರನೇ ವರ್ಷಕ್ಕೂ ಅಂಗಳದಲ್ಲಿ ನಿಂತು ಕರೆದರು: "ವಿಲ್ಸನ್ ಅದಾನೇನು?"

ನಮ್ಮವ್ವ ಎಲಿಜಬೆತ್ ಒಳಗಿನಿಂದ, "ಅದಾನ್ರಿ, ಬರ್ತಾನ, ಕುಂದರ್ರಿ" ಎಂದಳು. ಅಂದಿನಿಂದ ತಾನು ಸಾಯುವ ತನಕ ದಿನಾ ಅವನಿಗೊಂದು ತಾಟು ಬಡಿಸಿಟ್ಟಳು. "ಅವ್ವಾ, ಅಣ್ಣ ಇಲ್ಲ" ಎಂದರೆ ನನಗೇ ಬೈದಳು: "ಸರಕಾರ ಅದಾನ ಅಂತೈತಿ, ಇಲ್ಲ ಅನ್ನಾಕ ನೀ ಯಾರು?" ಸತ್ತವನನ್ನು ಇಷ್ಟು ಕಾಲ ಬದುಕಿಸಿಟ್ಟ ಇಲಾಖೆಗೆ ನಾವು ಕೃತಜ್ಞರಾಗಿರಬೇಕೇ?

ಹೋದ ವಾರ ಹಳ್ಳದ ಬದಿ ಒಂದು ಜಿಂಕೆ ಸತ್ತು ಬಿದ್ದಿತ್ತಂತೆ. ಸುದ್ದಿ ಕೇಳಿದ ಮೇಲೆ ನಾಯಿ ಬೊಗಳಿದರೂ ರೀನಾ ಒಳಗೆ ಓಡುತ್ತಾಳೆ. "ಅಜ್ಜಾ, ನಾ ಏನ್ ಕೊಂದೇನಿ?" ಎಂದು ಕೇಳುತ್ತಾಳೆ. ನನ್ನ ಕಿವಿಗಂತೂ ಅಂಗಳದಿಂದ ಅದೇ ದನಿ ಕೇಳುತ್ತದೆ, ಹೆಸರು ಮಾತ್ರ ಬೇರೆ: "ರೀನಾ ಅದಾಳೇನು?"

ಯಂತ್ರ ನೀವೇ ಇಟ್ಟುಕೊಳ್ಳಿ. ಅವಳ ಹೆಸರನ್ನು ಅವಳ ಕಣ್ಣೆದುರೇ ಹೊಡೆದುಹಾಕಿ. ಹಳೆಯ ಪುಸ್ತಕ ತೆಗೆಸಿ, ವಿಲ್ಸನ್‌ನ ಹೆಸರಿನ ಮುಂದೆ 'ತೀರಿಕೊಂಡಿದ್ದಾನೆ' ಎಂದು ಬರೆಯಿರಿ. ಆ ತಾಟನ್ನು ನಾನು ಇನ್ನೂ ತೊಳೆದು ಎತ್ತಿಟ್ಟಿಲ್ಲ.

ಇಂತಿ,
ಶಬ್ದ ಕಲಿತು, ಸುಮ್ಮನಿರುವುದನ್ನು ಕಲಿಯದ
ಜುಜೆ, ಹಳಿಯಾಳ ತಾಲೂಕು