ಬಡೇಸಾಬನ ಭುಜ

ಫೆಬ್ರವರಿ 4, 2019, ಸೋಮವಾರ
ಬೆಳಗಿನ ಫಜರ್ ನಮಾಜು ಇವತ್ತೂ ಮನೆಯಲ್ಲೇ. ಸಜ್ದಾಕ್ಕೆ ಹಣೆ ಊರಿ ಏಳುವಾಗ ನೆಲ ಬಲಕ್ಕೆ ಜಾರಿತು. ಬೀರು ಹಿಡಿದು ನಿಂತೆ. ಡಿಸೆಂಬರಿನ ಜ್ವರದಿಂದ ಇದೇ ಪಾಡು. ಡಾಕ್ಟರು ಕತ್ತಿನ ಎಕ್ಸ್‌ರೇ ತೆಗೆಸಿ, ಮಾತ್ರೆ ಬರೆದು, ಅಲುಗಾಡದೆ ಮಲಗಿ ಅಂದರು. ಮಲಗಿದಷ್ಟೂ ಹೆಚ್ಚಾಯಿತು. ತಲೆ ಯಾಕೆ ತಿರುಗುತ್ತದೆ ಅಂತ ಮಾತ್ರ ಹೇಳಲಿಲ್ಲ.
ಮಸೀದಿಯಲ್ಲಿ ನನಗೊಂದು ಪ್ಲಾಸ್ಟಿಕ್ ಕುರ್ಚಿ ಇಟ್ಟಿದ್ದಾರೆ, ಎಲ್ಲರ ಹಿಂದೆ. 1971ರಲ್ಲಿ ಆ ನೆಲಕ್ಕೆ ಚಪ್ಪಡಿ ಹೊತ್ತವನು ನಾನು. ಕುರ್ಚಿ ಕೇಳಿದವರು ಯಾರು? ಸಾಲಿನಲ್ಲಿ ನಿಲ್ಲಬೇಕು. ಅಷ್ಟೇ.

ಫೆಬ್ರವರಿ 6, ಸಂಜೆ
ಕ್ಲಿನಿಕ್ಕಿನಲ್ಲಿ ಹೊಸ ಫಿಸಿಯೋಥೆರಪಿಸ್ಟ್. ಆದಿವಾಲದ ಹುಡುಗಿ, ಹೆಸರು ಬೊಮ್ಮಕ್ಕ. ಮೆತ್ತನೆಯ ಫೋಮ್ ಮೇಲೆ ಕಣ್ಣು ಮುಚ್ಚಿ ನಿಲ್ಲಿಸಿದಳು. ಬಲಕ್ಕೆ ವಾಲಿದೆ, ಹಿಡಿದುಕೊಂಡಳು.
“ಬಲಗಿವಿ ಒಳಗಿನ ಸಮತೋಲದ ನರ ಸೋತೈತೆ ಸಾರ್. ಮೆದುಳಿಗೆ ಹೊಸದಾಗಿ ಕಲಿಸ್ಬೇಕು. ತಿರುಗಿದ್ರೆ ತಿರುಗ್ಲಿ, ತಲೆ ಆಡಿಸ್ರಿ.”
ಗೋಡೆಗೆ ಒಂದು ಅಕ್ಷರ ಅಂಟಿಸಿ, ಕಣ್ಣು ಕೀಳದೆ ತಲೆ ಅತ್ತಿತ್ತ ಆಡಿಸುವುದು. ಒಬ್ಬರು ಅಲುಗಬೇಡ ಅನ್ನುತ್ತಾರೆ, ಇನ್ನೊಬ್ಬರು ಅಲುಗು... ಯಾರನ್ನು ನಂಬಲಿ?

ಫೆಬ್ರವರಿ 7
ಬಡೇಸಾಬ ಬಂದಿದ್ದ. ಪ್ರೈಮರಿ ಸ್ಕೂಲಿನ ಗೆಳೆಯ, ಹಾಸಿಗೆ ಅಂಗಡಿಯವನು. “ಫೋಮು ಯಾಕಲೇ ತಾಜು, ನಮ್ಮ ಗಾದಿ ಐತಲ್ಲ” ಅಂತ ಹತ್ತಿಯದೊಂದು ಚಿಕ್ಕ ಗಾದಿ ಹೊಲಿದು ತಂದ.

ಫೆಬ್ರವರಿ 17, ಭಾನುವಾರ
ಗಾದಿಯ ಮೇಲೆ ಕಣ್ಣು ಮುಚ್ಚಿ ನಿಂತೆ. ಅಲುಗಲಿಲ್ಲ! ಬಡೇಸಾಬನನ್ನು ಕರೆದು ತೋರಿಸಿದೆ. ಕಾಲಿಂದ ಒತ್ತಿ ನೋಡಿದ.
“ಹತ್ತಿ ಕುಂತೈತೆ ಕಣಲೇ, ಹಲಗೆ ಆಗೈತೆ. ನಿಂದೇನೂ ಸಾಧನೆ ಇಲ್ಲ.”
ಹೊತ್ತೊಯ್ದು ಹಿಂಜಿ ತಂದ. ಮತ್ತೆ ವಾಲಿದೆ.

ಫೆಬ್ರವರಿ 22, ಶುಕ್ರವಾರ
ಕುರ್ಚಿ ಬಿಟ್ಟೆ. ಸಾಲಿನಲ್ಲಿ ನಿಂತೆ, ಬಲಕ್ಕೆ ಬಡೇಸಾಬ. ಸಜ್ದಾದಿಂದ ಎದ್ದೆ... ಸರಿಯಾಗಿ ಎದ್ದೆ.

ಫೆಬ್ರವರಿ 23
ಕ್ಲಿನಿಕ್ಕಿನಲ್ಲಿ ಮತ್ತೆ ವಾಲಿದೆ. ಮಸೀದಿಯಲ್ಲಿ ನೆಟ್ಟಗೆ, ಇಲ್ಲಿ ಸೊಟ್ಟಗೆ. ಇದರಲ್ಲಿ ನಾನು ಯಾವುದು? ಬೊಮ್ಮಕ್ಕನಿಗೆ ಹೇಳಿದೆ.
“ಮಸೀದಿಯಾಗೆ ಯಾರನ್ನಾರ ತಾಗಿ ನಿಲ್ತೀರಾ ಸಾರ್?”
“ಭುಜಕ್ಕೆ ಭುಜ. ಅದು ನಿಯಮ.”
“ಅದೇ ಮತ್ತೆ. ಒಂದು ಬೆರಳು ತಾಗಿದ್ರೂ ಮೈ ಅದರ ಆಸರೆ ಹಿಡೀತೈತೆ.”
ಬಡೇಸಾಬನಿಗೆ ಹೇಳಿದೆ. ನಕ್ಕ. “ನಂಗೆ ನಿನ್ನೇನೇ ಗೊತ್ತಾತು. ಎಡಗಡೆ ಭುಜ ಇನ್ನೂ ನೋಯ್ತೈತೆ.”
ಕೋಪ ಬಂತು. ಯಾರ ಮೇಲೆ ಅಂತ ತಿಳಿಯಲಿಲ್ಲ.

ಮಾರ್ಚ್ 15, ಶುಕ್ರವಾರ
ತಲೆ ಆಡಿಸುವುದು ಬಿಟ್ಟಿಲ್ಲ. ಅತ್ತಿತ್ತ ನೋಡುತ್ತ ರಸ್ತೆಯಲ್ಲೂ ನಡೆಯುತ್ತೇನೆ — ಈ ನಗರಸಭೆಯ ಫುಟ್‌ಪಾತಿಗಿಂತ ಕಠಿಣ ಪರೀಕ್ಷೆ ಬೊಮ್ಮಕ್ಕನ ಹತ್ತಿರವೂ ಇಲ್ಲ.
ಇವತ್ತು ಬಡೇಸಾಬನಿಗೆ ಸ್ವಲ್ಪ ಸರಿದು ನಿಲ್ಲು ಅಂದೆ.
“ಸಾಲಿನಾಗೆ ಸಂದು ಬಿಟ್ರೆ ಇಮಾಮರು ಬೈತಾರಲೇ.”
“ಇದೊಂದು ದಿನ.”
ಸರಿದ. ನಾನು ಬೀಳಲಿಲ್ಲ. ಆದರೆ ಅವನ ಜುಬ್ಬಾದ ತೋಳು ತಾಗುತ್ತಿತ್ತೇ? ಕೇಳಿದೆ.
“ನಮಾಜು ಮಾಡ್ತಿದ್ನೋ ನಿನ್ನ ಕಾಯ್ತಿದ್ನೋ, ನಂಗೇ ಗೊತ್ತಿಲ್ಲ ಬಿಡಲೇ.”

ಅದೇ ದಿನ, ಸಂಜೆ
ಅಸರ್ ನಮಾಜಿಗೆ ಅಂಗಳದ ನಡುವೆ ಚಾಪೆ ಹಾಸಿದೆ. ಗೋಡೆ ದೂರ, ಬೀರು ಇಲ್ಲ, ಯಾರೂ ಇಲ್ಲ. ಸಜ್ದಾದಿಂದ ಎದ್ದೆ. ನೆಲ ಜಾರಿತು. ಜಾರಿ, ತಾನೇ ನಿಂತಿತು. ನಾನೂ ನಿಂತಿದ್ದೆ.
ಖುಷಿಯಾಗಬೇಕಿತ್ತು. ಆದರೆ ಬಲಗಡೆ ಭುಜ ಯಾಕೋ ಬಡೇಸಾಬನನ್ನು ಹುಡುಕುತ್ತಿತ್ತು.