ಐವತ್ತಕ್ಕೇ ಕೂಗು

ಮನೆಯಿಂದ, ಅಡುಗೆಕೋಣೆಯ ಹೊಸ್ತಿಲ ಮೇಲೆ ಕುಳಿತು
ಮಾರ್ಚ್ ೯, ಸೋಮವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಹಡಗಿನ ಅಡುಗೆಮನೆಯಲ್ಲಿ ಸುಟ್ಟುಕೊಂಡ ಕೈ ವಾಸಿಯಾಯಿತೇ? ಬೊಬ್ಬೆ ಒಡೆಯಬೇಡ, ನಿನಗೆ ಆ ಚಾಳಿ ಇದೆ. ನಡುಸಮುದ್ರದಲ್ಲಿ ಫೋನು ಸಿಗುವುದಿಲ್ಲ, ಕಾಗದ ಕೊಟ್ಟರೆ ಮುಂದಿನ ಬಂದರಿನಲ್ಲಿ ತಲುಪಿಸುತ್ತೇವೆ ಎಂದು ನಿಮ್ಮ ಕಚೇರಿಯವರು ಹೇಳಿದರು. ಐದನೇ ತರಗತಿಗೇ ಶಾಲೆ ಬಿಟ್ಟವಳ ಕಾಗದ, ತಪ್ಪುಗಳನ್ನು ನೀನೇ ತಿದ್ದಿಕೊಂಡು ಓದು.

ಅಪ್ಪನ ಗಂಟಲಿಗೆ ಉಸಿರಾಟದ ನಳಿಕೆ ಇಟ್ಟು, ಮಾತು ನಿಂತು ಐದು ತಿಂಗಳಾಯಿತು. ನಾನು ಕೆಲಸ ಮಾಡುವ ಕಂಪ್ಯೂಟರ್ ರಿಪೇರಿ ಅಂಗಡಿಯ ಯಜಮಾನರು ಕೊಟ್ಟ ಹಳೆಯ ಲ್ಯಾಪ್‌ಟಾಪೇ ಈಗ ಅವರ ಬಾಯಿ. ಒಂದೇ ಬೆರಳಿನಲ್ಲಿ ಕುಟ್ಟುತ್ತಾರೆ, ಅದು ಗಟ್ಟಿಯಾಗಿ ಓದುತ್ತದೆ. ಸ್ಲೇಟು ಸಾಲದೇ ಎಂದು ನೀನು ಕೇಳಿದ್ದೆ. ಸ್ಲೇಟು ಪಕ್ಕದ ಕೋಣೆಗೆ ಕೇಳಿಸುವುದಿಲ್ಲವಲ್ಲ ಅಣ್ಣಾ. "ಮುದಿ ಎತ್ತಿಗೆ ಮೂಟೆ ಹೇರಬಾರ್ದು ಕಣಮ್ಮ" ಎಂದು ಯಜಮಾನರು ಅದರಲ್ಲಿದ್ದುದನ್ನೆಲ್ಲ ಅಳಿಸಿ ತೀರಾ ಹಗುರವಾದ ಸಿಸ್ಟಮ್ ಹಾಕಿದ್ದಾರೆ. ಕಪ್ಪು ಪರದೆ, ಬರೆಯುವ ಜಾಗ, ಓದುವ ದನಿ, ಅಷ್ಟೇ. ಬ್ಯಾಟರಿಯ ಚಿತ್ರ ಕೂಡ ಇಲ್ಲ. ಚಾರ್ಜು ಮುಗಿದರೆ ಹೇಳದೆ ಕೇಳದೆ ಆರಿಹೋಗುತ್ತದೆ. ಸದಾ ವೈರು ಚುಚ್ಚಿಡು ಎನ್ನುತ್ತೀಯ. ಪ್ಲಗ್ಗು ಇರುವುದು ಬಾಗಿಲ ಹತ್ತಿರ, ಅಪ್ಪನಿಗೆ ಬೇಕಾದದ್ದು ಕಿಟಕಿ. ಹಟ ಯಾರದ್ದು ಎಂದು ನಿನಗೆ ಗೊತ್ತಲ್ಲ!

ಎರಡು ವಾರದ ಹಿಂದೆ, ನಡು ಹಗಲು, ನಾನು ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದೆ. ಕೆಳಗಿನಿಂದ ಗೋಡೆ ಬಡಿಯುವ ಸದ್ದು. ಯಾರೋ ಮೊಳೆ ಹೊಡೆಯುತ್ತಿದ್ದಾರೆ ಎಂದುಕೊಂಡು ಇನ್ನೂ ಎರಡು ಬಟ್ಟೆ ಹಿಂಡಿದೆ. ಆ ಎರಡು ಬಟ್ಟೆಯನ್ನು ನಾನು ಸಾಯುವತನಕ ಮರೆಯಲಾರೆ. ಅಷ್ಟರಲ್ಲಿ ಪಕ್ಕದ ಮನೆಯ ಹೊಲಿಗೆ ಚಿಕ್ಕಮ್ಮ "ಓಡಿ ಬಾರೇ, ನಿಮ್ಮಪ್ಪ!" ಎಂದು ಕಿರುಚಿದರು. ನಳಿಕೆ ಕಟ್ಟಿಕೊಂಡಿತ್ತು. ತುಟಿ ನೀಲಿ. ಒಂದು ಕೈಯಲ್ಲಿ ಚಪ್ಪಲಿ ಹಿಡಿದು ಗೋಡೆಗೆ ಹೊಡೆಯುತ್ತಿದ್ದರು, ಇನ್ನೊಂದು ಕೈಯ ಬೆರಳು ಆರಿಹೋದ ಯಂತ್ರದ ಮೇಲೆ ಕುಟ್ಟುತ್ತಲೇ ಇತ್ತು. ಆಸ್ಪತ್ರೆಯಲ್ಲಿ ಕಲಿಸಿದಂತೆ ಒಳನಳಿಕೆ ಎಳೆದು ತೆಗೆದೆ. ಉಸಿರು ಬಂತು. ಅಂದಿನಿಂದ ಮನೆ ಸ್ವಲ್ಪ ಹೊತ್ತು ಸದ್ದಿಲ್ಲದೆ ಇದ್ದರೆ ಕೈಲಿದ್ದ ಕೆಲಸ ಬಿಟ್ಟು ಅಪ್ಪನ ಹತ್ತಿರ ಓಡುತ್ತೇನೆ. ಅಂಗಡಿಗೆ ಹೋಗುವಾಗ ಅವರನ್ನು ಚಿಕ್ಕಮ್ಮನ ಕಿವಿಗೆ ಒಪ್ಪಿಸಿ ಹೋಗುತ್ತೇನೆ. ದಾರಿಯಲ್ಲಿ ಎರಡು ಸಲ ತಿರುಗಿ ಬಂದು ನೋಡುತ್ತೇನೆ.

ಚಾರ್ಜು ಮುಗಿಯುವ ಮೊದಲೇ ಯಂತ್ರ ಕೂಗುವಂತೆ ಮಾಡಿಕೊಡಿ ಎಂದು ಯಜಮಾನರನ್ನು ಕೇಳಿದೆ. "ಹತ್ತು ಸಾಲಿನ ಪ್ರೋಗ್ರಾಮು, ನೀನೇ ಬರಿ. ನಾನು ಬರೆದುಕೊಟ್ರೆ ನಾಳೆ ಕೆಟ್ಟಾಗ ಮತ್ತೆ ನನ್ನ ಜೀವ ತಿಂತೀಯ" ಎಂದರು. ಬ್ಯಾಟರಿ ನೂರಕ್ಕೆ ಎಷ್ಟು ಉಳಿದಿದೆ ಎನ್ನುವ ಅಂಕಿಯನ್ನು ಯಂತ್ರ ತನ್ನೊಳಗೇ ಒಂದು ಕಡತದಲ್ಲಿ ಬರೆದಿಟ್ಟಿರುತ್ತದಂತೆ. ನಿಮಿಷಕ್ಕೊಮ್ಮೆ ಅದನ್ನು ಓದಬೇಕು, ಹದಿನೈದಕ್ಕಿಂತ ಇಳಿದರೆ ಕೂಗಬೇಕು. ಇಂಗ್ಲಿಷ್ ಅಕ್ಷರಗಳನ್ನು ರಂಗೋಲಿಯ ಚುಕ್ಕಿಯಂತೆ ನೋಡಿ ನೋಡಿ ಒತ್ತಿದೆ. ನಾಲ್ಕು ದಿನ ಹಿಡಿಯಿತು. ಕೂಗುವ ದನಿ ಯಾರದ್ದು ಗೊತ್ತೇ? ನನ್ನದು. "ಅಪ್ಪಾ, ವೈರು ಹಾಕಿ!" ಅಂಗಡಿಯ ಬಾಗಿಲು ಮುಚ್ಚಿಕೊಂಡು ಆರು ಸಲ ಹೇಳಿದೆ. "ಇದು ಎಚ್ಚರಿಕೆಯಾ, ಗುಟ್ಟಾ?" ಎಂದು ಯಜಮಾನರು ನಕ್ಕರು. ಏಳನೆಯ ಸಲ ಕಣ್ಣು ಮುಚ್ಚಿ ಕಿರುಚಿದೆ.

ಮೊನ್ನೆ ಪರೀಕ್ಷೆ. ವೈರು ತೆಗೆದು ಅಪ್ಪನ ಪಕ್ಕದಲ್ಲೇ ಕುಳಿತು, ನನ್ನ ಪ್ರೋಗ್ರಾಮು ಪರದೆಗೆ ಬರೆಯುವ ಅಂಕಿ ನೋಡುತ್ತಿದ್ದೆ. ನಲವತ್ತು, ಮೂವತ್ತಾರು, ಮೂವತ್ತೆರಡು. ಹದಿನೈದು ಇನ್ನೂ ದೂರ ಎಂದು ಒಲೆ ಆರಿಸಲು ಎದ್ದೆ. ತಿರುಗಿ ಬರುವಷ್ಟರಲ್ಲಿ ಯಂತ್ರ ಆರಿಹೋಗಿತ್ತು. ಕೂಗಲೇ ಇಲ್ಲ ಅಣ್ಣಾ! ಕೊನೆಗೆ ಕಂಡ ಅಂಕಿ ಮೂವತ್ತೆರಡು. ನಾನು ಆ ಅಂಕಿಯನ್ನು ನಂಬಿ ಅಪ್ಪನನ್ನು ಒಂಟಿಯಾಗಿ ಬಿಟ್ಟು ಹೋಗುವವಳಿದ್ದೆ. ಓಡಿಹೋಗಿ ಯಜಮಾನರಿಗೆ ಹೇಳಿದರೆ, ಈ ಮಾದರಿಗೆ ಹೊಸ ಬ್ಯಾಟರಿ ಎಲ್ಲೂ ಸಿಗುವುದಿಲ್ಲ ಎಂದು ತಲೆ ಕೆರೆದುಕೊಂಡರು. "ಮುದಿ ಬ್ಯಾಟರಿ ಮುದುಕರ ಹಾಗೇ ಕಣಮ್ಮ. ಇನ್ನೂ ಗಟ್ಟಿಯಾಗಿದ್ದೀನಿ ಅಂತ ಹೇಳ್ತಾ ಹೇಳ್ತಾನೇ ಕುಸಿದುಬಿಡುತ್ತೆ. ಅದು ಹೇಳಿದ್ದನ್ನ ಕೇಳಬೇಡ, ಮೊದಲೇ ಕೂಗು" ಎಂದರು. ಹದಿನೈದನ್ನು ಅಳಿಸಿ ಐವತ್ತು ಎಂದು ಬರೆದೆ. ಈಗ ದಿನಕ್ಕೆ ನಾಲ್ಕೈದು ಸಲ ನನ್ನ ಕಿರುಚಾಟ ಬೀದಿಗೆಲ್ಲ ಕೇಳುತ್ತದೆ. "ಮಾತೇ ಆಡದೆ ಮೂಗಿ ಅನ್ನಿಸಿಕೊಂಡ ಹುಡುಗಿಗೆ ಅಂತೂ ಬಾಯಿ ಬಂತು" ಎಂದು ಚಿಕ್ಕಮ್ಮ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ಅಪ್ಪ ತಾವೇ ಕುಟ್ಟಿ ನಿನಗೊಂದು ಸಾಲು ಬರೆಸಿದ್ದಾರೆ: "ನಾನು ಚೆನ್ನಾಗಿದ್ದೇನೆ, ನೀನು ಕೆಲಸ ಬಿಟ್ಟು ಬರಬೇಡ." ಅವರ ಆಶೀರ್ವಾದ, ಚಿಕ್ಕಮ್ಮನ ನೆನಪುಗಳು. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ತಂಗಿ,
ಮೂಗಿ

ಮರೆತಿದ್ದೆ: ಮರೆತಿರಲಿಲ್ಲ, ಬರೆಯಲು ಹೆದರಿಕೆಯಾಗಿತ್ತು. ಎಂಟು ದಿನದಿಂದ ನಳಿಕೆ ತೊಳೆದ ನೀರಿನಲ್ಲಿ ರಕ್ತ ಬರುತ್ತಿದೆ. ನಿನ್ನೆ ಅಪ್ಪ "ಅಣ್ಣನಿಗೆ ಹೇಳಬೇಡ" ಎಂದು ಕುಟ್ಟಿದರು, ಹಾಳು ಯಂತ್ರ ಅದನ್ನೂ ಬೀದಿಗೆ ಕೇಳುವಂತೆ ಓದಿತು. ಡಾಕ್ಟರು ಇನ್ನೂ ಹೆದರಬೇಕಾಗಿಲ್ಲ ಎನ್ನುತ್ತಾರೆ. ಮೇಲೆ ಅಪ್ಪ ಬರೆಸಿದ ಸಾಲನ್ನು ನಂಬಬೇಡ. ನಾನು ಐವತ್ತಕ್ಕೇ ಕೂಗುತ್ತಿದ್ದೇನೆ. ಬಂದರಿನಲ್ಲಿ ಇಳಿದವನೇ ಮನೆಗೆ ಬಾ.