ಹೊಸ್ತಿಲಲ್ಲಿ ನಿಂತ ಕಾಲು

ಪ್ರೀತಿಯ ಸುಧಕ್ಕನಿಗೆ,

ಅಕ್ಷರ ಸೊಟ್ಟಗಿವೆ, ಕಾಗುಣಿತ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಕೈ ಇದು. ಫೋನಿನಲ್ಲಿ ಅಪ್ಪನ ಹೆಸರೆತ್ತಿದರೆ ನೀನು ಇಟ್ಟುಬಿಡುತ್ತೀ, ನನಗೂ ಮಾತು ಬಾರದು. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು.

ಗಿರೀಶ ಭಾವನನ್ನು ನೀನೇ ಮೆಚ್ಚಿ ಮದುವೆಯಾದ ಮೇಲೆ ಅಪ್ಪ ನಿಮ್ಮ ಹರಿಹರಕ್ಕೆ ಮೊದಲ ಸಲ ಬಂದದ್ದು ನಿನ್ನ ಹೊಸಮನೆ ಪ್ರವೇಶಕ್ಕೇ. ನಿನಗೆಂದು ತಂದ ಸೀರೆಯ ಚೀಲ ಹಿಡಿದು ಹೊಸ್ತಿಲವರೆಗೆ ಬಂದವನು ಅಲ್ಲೇ ನಿಂತುಬಿಟ್ಟ. "ಒಳಗ ಬಾ ಅಪ್ಪಾ" ಎಂದು ಎಷ್ಟು ಕರೆದೆ ನೀನು! "ಕಾಲು ಏಳವಲ್ದವ್ವಾ" ಅಂದ. ನಿನ್ನ ಅತ್ತೆ ಭೀಮವ್ವನವರು, "ಮನಸಿದ್ರೆ ಕಾಲು ತಾವೇ ಏಳ್ತಾವೆ ಬೀಗರೆ" ಎಂದು ಎಲ್ಲರೆದುರು ನಕ್ಕರು. ನೀನು ಅಳುತ್ತಾ, "ಇನ್ನೂ ಸಿಟ್ಟು ಇಳಿದಿಲ್ಲಲ್ಲ, ಹಂಗಾದ್ರೆ ಹೋಗು" ಅಂದೆ. ನಾನೂ ಸಿಟ್ಟೇ ಎಂದುಕೊಂಡೆ.

ಆಮೇಲೆ ಅಪ್ಪ ಇಲ್ಲಿ ದೇವರಾಜ ಅರಸು ಬಡಾವಣೆಯ ನಮ್ಮ ಬಚ್ಚಲ ಬಾಗಿಲಲ್ಲೂ ಹಾಗೇ ನಿಂತ. ಬಚ್ಚಲ ಮೇಲೆ ಅವನಿಗೆ ಯಾವ ಸಿಟ್ಟು ಅಕ್ಕ?

ಆಸ್ಪತ್ರೆಗೆ ಕರೆದೊಯ್ದೆ. ಪಾರ್ಕಿನ್ಸನ್ ಎಂಬ ಕಾಯಿಲೆಯಂತೆ. ಮೆದುಳಿನ ಒಂದು ಜೀವಕಣ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುತ್ತಲೇ ಇರುತ್ತದಂತೆ. ಆ ಕೆಲಸಕ್ಕೆ ನೆರವಾಗುವ ಒಂದು ಪ್ರೋಟೀನಿದೆ, ಹೆಸರು ಆಲ್ಫಾ ಸಿನ್ಯೂಕ್ಲಿನ್. ಡಾಕ್ಟರಮ್ಮನ ಹತ್ತಿರ ಚೀಟಿಯಲ್ಲಿ ಬರೆಸಿಕೊಂಡೆ. ಅಪ್ಪನ ತಲೆಯಲ್ಲಿ ಅದು ಹದಗೆಟ್ಟು, ಮಳೆಗಾಲದಲ್ಲಿ ತೇವ ಬಡಿದ ಮಂಡಕ್ಕಿಯ ಹಾಗೆ ಒಂದಕ್ಕೊಂದು ಅಂಟಿ ಉಂಡೆಯಾಗಿದೆಯಂತೆ. ನಡಿಗೆ ನೋಡಿಕೊಳ್ಳುವ ಕಣಗಳು ಮೆಲ್ಲಗೆ ಸಾಯುತ್ತಿವೆಯಂತೆ. ಯಾಕೆ ಹೀಗೆ ಎಂದು ಕೇಳಿದೆ. "ಪೂರ್ತಿ ಯಾರಿಗೂ ಗೊತ್ತಿಲ್ಲಮ್ಮ" ಅಂದರು. ವಾಸಿಯಾಗುವುದಿಲ್ಲ, ಮಾತ್ರೆಯಿಂದ ಹಗುರಾಗುತ್ತದೆ. ಅಪ್ಪ ಎಲ್ಲ ಕೇಳಿಸಿಕೊಂಡು, "ಬಂಡಿ ಹೂಡೈತೆ, ಎತ್ತಿಗೆ ನನ್ನ ಕೂಗು ಕೇಳವಲ್ದು ಅನ್ರಿ" ಅಂದ.

ಆ ಮಾತು ನನ್ನನ್ನು ಬಿಟ್ಟಿಲ್ಲ. ಭಟ್ಟಿಯ ಮುಂದೆ ನಿಂತು ಮಂಡಕ್ಕಿ ಹುರಿದು, ತಲೆಯ ಮೇಲೆ ಚೀಲ ಹೊತ್ತು ನಡೆದ ಅಪ್ಪ. ಅವನನ್ನು ಕಟ್ಟಿ ನಿಲ್ಲಿಸಿದ್ದು ಕಣ್ಣಿಗೇ ಕಾಣದ ಒಂದು ಚೂರು! ಅವತ್ತು ಅವನು ಒಳಗೆ ನಡಿ ಎಂದು ತನ್ನ ಕಾಲಿಗೆ ಹೇಳುತ್ತಲೇ ಇದ್ದ ಅಕ್ಕ. ಆ ಸುದ್ದಿ ಕಾಲಿಗೆ ಮುಟ್ಟಲೇ ಇಲ್ಲ.

ಇನ್ನೂ ಒಂದು ಬೆರಗು ಕೇಳು. ನೆಲದ ಮೇಲೆ ಅಡ್ಡ ಗೆರೆ ಕಂಡರೆ ಕೆಲವರಿಗೆ ಕಾಲು ಏಳುತ್ತದಂತೆ. ಬಣ್ಣದ ಪಟ್ಟಿ ಅಂಟಿಸಿ ನೋಡು ಎಂದರು ಡಾಕ್ಟರಮ್ಮ. ನಾನು ಬಚ್ಚಲ ಬಾಗಿಲಿಗೆ ಅಡ್ಡ ರಂಗೋಲಿ ಎಳೆದೆ. ರಂಗೋಲಿ ತುಳಿಯಬಾರದು ಎಂದು ನಮಗೆ ಕಲಿಸಿದವನೇ ಅವನಲ್ಲವೇ? ನಿಂತ ಕಾಲು ತಾನೇ ಎದ್ದು ಆಚೆಗೆ ಇಳಿಯಿತು. ನಿನ್ನ ಮನೆಯ ರಂಗೋಲಿ ಅವತ್ತು ನಾವು ಬರುವಷ್ಟರಲ್ಲಿ ಬಂದವರ ಕಾಲಿಗೆ ಅಳಿಸಿಹೋಗಿತ್ತು, ನೆನಪಿದೆಯಾ?

ಭಾನುವಾರ ಅಪ್ಪನನ್ನು ಕರೆದುಕೊಂಡು ಬರುತ್ತೇನೆ. ಬೇಡ ಎನ್ನಬೇಡ.

ಇವತ್ತು ಬೆಳಿಗ್ಗೆ ನಮ್ಮ ಹೊಸ್ತಿಲಿಗೆ ಅಡ್ಡ ದಪ್ಪ ಎಳೆ ಹಾಕಿದೆ. ಅಪ್ಪ ದಾಟಿ ಬೀದಿಗೆ ಹೋಗಿ, ತಿರುಗಿ ನೋಡಿದ. ಎಳೆ ಕದಡಿರಲಿಲ್ಲ. "ಸುಧೀ ಮನ್ಯಾಗ ರಂಗೋಲಿ ಯಾರು ಹಾಕ್ತಾರೆ?" ಎಂದು ಕೇಳಿದ. ಅವಳೇ ಹಾಕ್ತಾಳೆ ಅಂದೆ.

ನಿನ್ನ ಮನೆ ತಣ್ಣಗಿರಲಿ ಅಕ್ಕ.

ನಿನ್ನ ತಂಗಿ,
ಯಶೋದಾ